ಬೀಜ ಬಂತು, ಲೆಕ್ಕ ಬರಲಿಲ್ಲ

1939ರಲ್ಲಿ ಮೈಸೂರಿನ ಅರಮನೆ ಡೈರಿ ಫಾರ್ಮಿನಲ್ಲಿ ಸಂಪತ್ ಕುಮಾರನ್ ಅವರು ಹೋಲ್‌ಸ್ಟೀನ್ ಫ್ರೀಷಿಯನ್ (ಎಚ್.ಎಫ್.) ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ಕೊಟ್ಟು ಗಬ್ಬ ನಿಲ್ಲಿಸಿದರು. ಭಾರತದಲ್ಲಿ ಕೃತಕ ಗರ್ಭಧಾರಣೆಯ ಕಥೆ ಶುರುವಾಗುವುದೇ ಅಲ್ಲಿಂದ. ಮೂವತ್ತು ವರ್ಷ ಕಳೆದು, 1969ರಲ್ಲಿ, ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ ಘನೀಕೃತ ವೀರ್ಯದ ಕೇಂದ್ರ ತಲೆಯೆತ್ತಿತು. ಆಮೇಲೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಜಾಡಿ ಬೈಕಿನ ಹಿಂದೆ ಕೂತು ಊರೂರಿಗೆ ಹೋಯಿತು. ಹಾಲಿನ ಡೈರಿ ಇರುವ ಹಳೇ ಮೈಸೂರು ಸೀಮೆಯ ಊರುಗಳಲ್ಲಿ ಇವತ್ತು ಸೀಮೆ ಹಸು ಇಲ್ಲದ ಬೀದಿ ಸಿಗುವುದು ಕಷ್ಟ. 2024ರ ನಡುವಿನಲ್ಲಿ ರಾಜ್ಯದ ಸಹಕಾರಿ ಹಾಲು ಶೇಖರಣೆ ದಿನಕ್ಕೆ 1 ಕೋಟಿ ಲೀಟರಿನ ಆಸುಪಾಸು ಮುಟ್ಟಿತು. ಇಷ್ಟೆಲ್ಲ ಆದರೂ ಜಗಳ ನಿಂತಿಲ್ಲ. ಎಚ್.ಎಫ್. ಒಳ್ಳೆಯದೋ ಜರ್ಸಿ ಒಳ್ಳೆಯದೋ, ಸೀಮೆ ಹಸು ಬೇಕೋ ನಾಟಿ ಹಸು ಸಾಕೋ, ಗೀರ್ ತಂದು ಕಟ್ಟೋಣವೋ ಹಳ್ಳಿಕಾರ್ ಉಳಿಸೋಣವೋ ಎಂದು ಸಭೆಗಳಲ್ಲಿ, ಕೃಷಿ ಮೇಳಗಳಲ್ಲಿ, ಪತ್ರಿಕೆಗಳ ಓದುಗರ ಅಂಕಣಗಳಲ್ಲಿ ಮಾತು ಹೋರಿಯ ಸುತ್ತಲೇ ತಿರುಗುತ್ತದೆ. ಯಾವ ಹೋರಿಯ ಬೀಜ ಎಂಬುದು ಸಣ್ಣ ಪ್ರಶ್ನೆಯಲ್ಲ. ಆದರೆ ಅದಕ್ಕಿಂತ ಮೊದಲು ಬರಬೇಕಾದ ಎರಡು ಪ್ರಶ್ನೆಗಳನ್ನು ನಾವು ಕೇಳುತ್ತಲೇ ಇಲ್ಲ: ಈ ಹಸು ಯಾವತ್ತು ಬೆದೆಗೆ ಬಂತು, ಮತ್ತು ಇದರ ತಾಯಿ ಎಷ್ಟು ಹಾಲು ಕರೆದಿತ್ತು? ಬೀಜವನ್ನು ಮನೆ ಬಾಗಿಲಿಗೆ ಮುಟ್ಟಿಸಿದ ವ್ಯವಸ್ಥೆ ಇವೆರಡನ್ನು ಬರೆದಿಡುವ ಅಭ್ಯಾಸವನ್ನು ಮುಟ್ಟಿಸಲಿಲ್ಲ. ನಮ್ಮ ಹೈನುಗಾರಿಕೆಯ ಹೆಚ್ಚಿನ ನಷ್ಟ ಅಲ್ಲಿದೆ ಎಂಬುದು ಈ ಲೇಖನದ ವಾದ.

ಮೊದಲು ಹಸುವಿನ ಮೈಯೊಳಗಿನ ಕಾಲಮಾನ. ಪ್ರಾಯಕ್ಕೆ ಬಂದ ಹಸು, ಗಬ್ಬ ಇಲ್ಲದಿದ್ದರೆ, ಸರಾಸರಿ 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ; 18ರಿಂದ 24 ದಿನದೊಳಗೆ ಹಿಂದುಮುಂದಾಗಬಹುದು. ಬೆದೆ ಇರುವುದು 12ರಿಂದ 18 ಗಂಟೆ. ಅಂಡ ಹೊರಬೀಳುವುದು ಬೆದೆಯ ನಡುವೆಯಲ್ಲ, ಬೆದೆ ಇಳಿದು ಹತ್ತು ಹನ್ನೆರಡು ಗಂಟೆ ಕಳೆದ ಮೇಲೆ. ಹೊರಬಿದ್ದ ಅಂಡಕ್ಕೆ ಹತ್ತು ಗಂಟೆಯ ಆಸುಪಾಸಿನ ಆಯುಸ್ಸು. ವೀರ್ಯಾಣುವಿಗೆ ಒಳಗೆ ಸಜ್ಜಾಗಲು ಆರೇಳು ಗಂಟೆ ಬೇಕು. ಹೆಪ್ಪುಗಟ್ಟಿಸಿ ಕರಗಿಸಿದ ವೀರ್ಯಾಣುವಾದರೆ ಒಂದು ದಿನ ತಾಳುವುದೂ ಅನುಮಾನ. ಈ ಎರಡು ಆಯುಸ್ಸುಗಳು ಒಂದರ ಮೇಲೊಂದು ಕೂಡುವ ಹೊತ್ತು ತೀರ ಕಿರಿದು. 1940ರ ದಶಕದಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಟ್ರಿಂಬರ್ಗರ್ ಎಂಬ ವಿಜ್ಞಾನಿ ಇದನ್ನು ಅಳೆದು ನೋಡಿದ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಬೀಜ ಕೊಡಿಸಬೇಕೆಂದು ಇವತ್ತಿಗೂ ಪಶುವೈದ್ಯರು ಹೇಳುವ ಮಾತಿಗೆ ಆ ಕೆಲಸವೇ ತಳಹದಿ. ಗಬ್ಬ ನಿಂತರೆ ಸುಮಾರು 16ನೇ ದಿನದ ಹೊತ್ತಿಗೆ ಒಳಗಿನ ಭ್ರೂಣ ತಾನಿದ್ದೇನೆಂದು ತಾಯಿಯ ಗರ್ಭಕೋಶಕ್ಕೆ ರಾಸಾಯನಿಕ ಸುದ್ದಿ ಕಳಿಸುತ್ತದೆ. ಆ ಸುದ್ದಿ ತಲುಪದಿದ್ದರೆ ಅಂಡಾಶಯದ ಮೇಲಿನ ಹಳದಿ ಗಂಟು ಕರಗಿ, ಗರ್ಭ ಕಾಯುವ ಪ್ರೊಜೆಸ್ಟರಾನ್ ಇಳಿದು, ಹಸು ಮತ್ತೆ ಬೆದೆಗೆ ತಿರುಗುತ್ತದೆ. ಉಳಿದರೆ 280 ದಿನದ ಆಜುಬಾಜಿನಲ್ಲಿ ಕರು. ಎಮ್ಮೆಗಾದರೆ ಹತ್ತು ತಿಂಗಳ ಮೇಲೆ, 305ರಿಂದ 310 ದಿನ. ಈದ ಮೇಲೆ ಗರ್ಭಕೋಶ ಮೊದಲಿನ ಗಾತ್ರಕ್ಕೆ ಕುಗ್ಗಲು ಒಂದೂವರೆ ತಿಂಗಳು ಬೇಕು. ಎರಡು ತಿಂಗಳು ಬಿಟ್ಟು ಬೀಜ ಕೊಡಿಸಲು ಶುರುಮಾಡಿ 85ನೇ ದಿನದೊಳಗೆ ಗಬ್ಬ ನಿಂತರೆ ಮಾತ್ರ 280ಕ್ಕೆ 85 ಸೇರಿ ವರ್ಷಕ್ಕೊಂದು ಕರು. ಅಂದರೆ ರೈತನಿಗೆ ಸಿಗುವುದು 25 ದಿನದ ಅವಕಾಶ; ಅದರಲ್ಲಿ ಬೆದೆ ಬರುವುದು ಒಂದು ಸಲ, ಹೆಚ್ಚೆಂದರೆ ಎರಡು ಸಲ.

ಈ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯೋಣ. ಬಂದ ಬೆದೆಗಳಲ್ಲಿ ಅರ್ಧದಷ್ಟು ಮಾತ್ರ ಮನೆಯವರ ಕಣ್ಣಿಗೆ ಬೀಳುತ್ತವೆ, ಕೊಡಿಸಿದ ಬೀಜದಲ್ಲಿ ನೂರಕ್ಕೆ 40 ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಆಗ ಒಂದು 21 ದಿನದ ಸುತ್ತಿನಲ್ಲಿ ಗಬ್ಬ ನಿಲ್ಲುವ ಸಾಧ್ಯತೆ ನೂರಕ್ಕೆ 20. ಸರಾಸರಿ ಐದು ಸುತ್ತು ಬೇಕು, 105 ದಿನ. ಈಗ ಹೋರಿಯನ್ನೂ ಮುಟ್ಟದೆ, ಔಷಧಿಯನ್ನೂ ಕೊಡದೆ, ಬೆದೆ ಗುರುತಿಸುವುದನ್ನು ಮಾತ್ರ ಅರ್ಧದಿಂದ ಮುಕ್ಕಾಲಿಗೆ ಏರಿಸಿದರೆ ಸಾಧ್ಯತೆ 30ಕ್ಕೇರಿ ಸರಾಸರಿ 70 ದಿನಕ್ಕಿಳಿಯುತ್ತದೆ. ಬದಲಿಗೆ ಒಳ್ಳೆಯ ವೀರ್ಯ, ಹೆಚ್ಚು ನುರಿತ ಕೈ ತಂದು ಗಬ್ಬ ನಿಲ್ಲುವ ಪ್ರಮಾಣವನ್ನು 40ರಿಂದ 45ಕ್ಕೆ ಒಯ್ದರೆ ಉಳಿಯುವುದು ಹನ್ನೆರಡೇ ದಿನ. ಅಂಕಿಗಳು ಊಹೆಯವು, ಅನುಪಾತ ಊಹೆಯದಲ್ಲ. ನಮ್ಮ ಯೋಜನೆಗಳು ಎಷ್ಟು ಡೋಸ್ ಬೀಜ ಹಂಚಿದೆವು ಎಂದು ವರದಿ ಮಾಡುತ್ತವೆ. ಎಷ್ಟು ಬೆದೆ ತಪ್ಪಿದವು ಎಂಬುದಕ್ಕೆ ಯಾವ ರಿಜಿಸ್ಟರಿನಲ್ಲೂ ಕಲಮಿಲ್ಲ. ತಪ್ಪಿದ ಪ್ರತಿ ಬೆದೆಯೂ ಮೂರು ವಾರದ ಮೇವು, ಹಿಂಡಿ, ದುಡಿಮೆ. ಆರು ವರ್ಷ ಕರೆಯುವ ಹಸು ವರ್ಷಕ್ಕೊಮ್ಮೆ ಈದರೆ ಆರು ಸೂಲು, ಒಂದೂವರೆ ವರ್ಷಕ್ಕೊಮ್ಮೆ ಈದರೆ ನಾಲ್ಕೇ. ಹೋದ ಎರಡು ಸೂಲಿನ ಹಾಲು, ಎರಡು ಕರು ಯಾರ ನಷ್ಟದ ಪಟ್ಟಿಯಲ್ಲೂ ಕಾಣುವುದಿಲ್ಲ. ಸತ್ತ ಹಸುವಿಗೆ ವಿಮೆ ಇದೆ. ಸುಮ್ಮನೆ ನಿಂತು ಮೇಯುವ ಹಸುವಿಗೆ ಇಲ್ಲ.

ಬೆದೆ ಯಾಕೆ ತಪ್ಪುತ್ತದೆ? ಬಯಲಿನಲ್ಲಿ ಹಿಂಡಾಗಿ ಮೇಯುವ ದನಗಳಲ್ಲಿ ಒಂದರ ಮೇಲೊಂದು ಹತ್ತುವುದೇ ದೊಡ್ಡ ಗುರುತು: ಹತ್ತಿಸಿಕೊಂಡು ನಿಂತದ್ದು ಬೆದೆಯ ಹಸು. ಗೂಟಕ್ಕೆ ಕಟ್ಟಿದ ಒಂದೆರಡು ಹಸುವಿನ ಕೊಟ್ಟಿಗೆಯಲ್ಲಿ ಆ ಗುರುತೇ ಇಲ್ಲವಾಗುತ್ತದೆ. ಕೂಗು, ಬಾಲದ ಬುಡದಲ್ಲಿ ಕನ್ನಡಿಯಂಥ ಲೋಳೆ, ಮೇವು ಬಿಡುವುದು, ಪದೇ ಪದೇ ಉಚ್ಚೆ, ಆ ಹೊತ್ತಿನ ಹಾಲಿನಲ್ಲಿ ಇಳಿತ, ಇಷ್ಟನ್ನೇ ನೆಚ್ಚಬೇಕು. ಬೆದೆ ಬಹಳಷ್ಟು ಸಲ ತಂಪು ಹೊತ್ತಿನಲ್ಲಿ, ರಾತ್ರಿಯಿಂದ ನಸುಕಿನ ನಡುವೆ ತೊಡಗುತ್ತದೆ. ಮನೆಯವರು ಮಲಗಿರುವ ಹೊತ್ತು ಅದು. ಎಮ್ಮೆಯ ವಿಷಯ ಇನ್ನೂ ಬಿಗಿ. ಅದು ಸದ್ದಿಲ್ಲದೆ ಬೆದೆಗೆ ಬರುತ್ತದೆ, ಬೇಸಿಗೆಯಲ್ಲಿ ಬಹುಮಟ್ಟಿಗೆ ಬರುವುದೇ ಇಲ್ಲ, ಮಳೆಗಾಲ ಕಳೆದು ಚಳಿ ಶುರುವಾಗುವ ತಿಂಗಳುಗಳಲ್ಲಿ ತಿರುಗುತ್ತದೆ. ಧಾರವಾಡ, ಬೆಳಗಾವಿಯ ಕಡೆ ಎಮ್ಮೆಗೆ ಎರಡು ಈತದ ನಡುವಿನ ಅಂತರ ಹಿಗ್ಗಲು ಇದೊಂದು ಮುಖ್ಯ ಕಾರಣ. ಈ ಗುರುತುಗಳನ್ನು ಮೊದಲು ಕಾಣುವವರು ಹಾಲು ಕರೆಯುವ, ಸಗಣಿ ಬಾಚುವ ಹೆಂಗಸರು. ಬೆದೆಯ ಬಗ್ಗೆ ತರಬೇತಿ ಕೊಡುವಾಗ ಕುರ್ಚಿಯಲ್ಲಿ ಕೂರುವವರು ಬಹುಪಾಲು ಗಂಡಸರು. ಡೈರಿಯ ಸದಸ್ಯತ್ವವೂ ಹೆಚ್ಚಾಗಿ ಅವರದೇ ಹೆಸರಿನಲ್ಲಿ. ತಿಳಿದವರಿಗೆ ಪುಸ್ತಕ ಕೊಡದೆ ಪುಸ್ತಕ ಇದ್ದವರಿಗೆ ತಿಳಿವಳಿಕೆ ಹಂಚುತ್ತಿದ್ದೇವೆ ಎಂದರೆ ಅತಿಶಯವಾಗದು.

ಕಣ್ಣಿಟ್ಟು ಕಾದರೂ ಬೆದೆಯೇ ಬಾರದ ಹಸುಗಳಿವೆ, ಬಂದರೂ ನಿಲ್ಲದವೂ ಇವೆ. ಇಲ್ಲಿ ಮೇವಿನ ಮಾತು ಬರುತ್ತದೆ. ಕಡಸು ಪ್ರಾಯಕ್ಕೆ ಬರುವುದು ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಬೆಳೆದ ಹಸುವಿನ ತೂಕದಲ್ಲಿ ಅರ್ಧದ ಹತ್ತಿರ ಬಂದಾಗ ಮೊದಲ ಬೆದೆ, ನೂರಕ್ಕೆ 60ರಿಂದ 65 ಪಾಲು ತುಂಬಿದಾಗ ಬೀಜ ಕೊಡಿಸುವ ಹದ. ಹಾಲು ಮಾರುವ ಭರದಲ್ಲಿ ಕರುವಿಗೆ ಕೆಚ್ಚಲು ಬಿಡದ ಮನೆಯಲ್ಲಿ ಎರಡೂವರೆ ವರ್ಷಕ್ಕೆ ಈಯಬೇಕಾದ ಮಿಶ್ರತಳಿ ಕಡಸು ಮೂರೂವರೆಗೂ ಈಯುವುದಿಲ್ಲ. ಈದ ಹಸುವಿನದು ಬೇರೆ ಸಂಕಟ. ಈದ ಹೊಸದರಲ್ಲಿ ಹಾಲು ದಿನದಿನಕ್ಕೆ ಏರುತ್ತದೆ, ಹೊಟ್ಟೆ ಆ ವೇಗಕ್ಕೆ ತಿನ್ನುವುದಿಲ್ಲ. ಕೊರತೆಯನ್ನು ಹಸು ತನ್ನ ಮೈಯ ಕೊಬ್ಬು ಕರಗಿಸಿ ತುಂಬುತ್ತದೆ. ಹೀಗೆ ಸವೆಯುತ್ತಿರುವ ದೇಹ ಮೊದಲು ಕೈಬಿಡುವುದು ಸಂತಾನವನ್ನು. ಹೆಚ್ಚು ಹಾಲಿನ ತಳಿ ತಂದು ಹಳೆಯ ಮೇವನ್ನೇ ಹಾಕಿದರೆ ತಿರುಗಿ ತಿರುಗಿ ಬೆದೆಗೆ ಬರುವ ಹಸುಗಳು ಹೆಚ್ಚುವುದು ಇದರಿಂದ. ಮೂರು ಸಲ ಬೀಜ ಕೊಡಿಸಿದ ರೈತ ಬೀಜ ಸರಿಯಿಲ್ಲ ಎನ್ನುತ್ತಾನೆ, ಕೊಟ್ಟವರು ಹಸು ಸರಿಯಿಲ್ಲ ಎನ್ನುತ್ತಾರೆ. ತೂಕ ಇಳಿದದ್ದನ್ನು ಯಾರೂ ಬರೆದಿರುವುದಿಲ್ಲ. ರೋಗಗಳ ಪೈಕಿ ಬ್ರೂಸೆಲ್ಲಾ ಒಂದನ್ನು ಹೇಳಲೇಬೇಕು. ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿಸುವ ಈ ರೋಗ ಮನುಷ್ಯರಿಗೂ ಹತ್ತುತ್ತದೆ. 4ರಿಂದ 8 ತಿಂಗಳ ಹೆಣ್ಣು ಕರುವಿಗೆ ಒಂದೇ ಸಲದ ಲಸಿಕೆ ಸಾಕು, 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದು ಉಚಿತವೂ ಹೌದು. ಆದರೆ ಕರುವಿಗೆ ಎಷ್ಟು ತಿಂಗಳಾಯಿತು ಎಂದು ಗೊತ್ತಿರಬೇಕಲ್ಲ.

ಇಲ್ಲಿಯವರೆಗೆ ಹೇಳಿದ್ದನ್ನು ಓದಿ, ಹಾಗಾದರೆ ತಳಿಶಾಸ್ತ್ರಕ್ಕೆ ಕೆಲಸವೇ ಇಲ್ಲವೇ ಎಂದು ಕೇಳಬಹುದು. ಅಂಕಿ ಮೇಲ್ನೋಟಕ್ಕೆ ಆ ಕಡೆಗೇ ವಾಲುತ್ತದೆ. ಹಸುಗಳ ನಡುವೆ ಹಾಲಿನಲ್ಲಿ ಕಾಣುವ ವ್ಯತ್ಯಾಸದಲ್ಲಿ ಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗ ರಕ್ತದಿಂದ ಬಂದದ್ದು. ಗಬ್ಬ ನಿಲ್ಲುವ ಗುಣದಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆ. ಉಳಿದದ್ದೆಲ್ಲ ಮೇವು, ಹವೆ, ಕಣ್ಣು, ಕೈ. ಆದರೂ ಆ ಐದು ಪಾಲನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಹೋಲ್‌ಸ್ಟೀನ್ ಸಾಕ್ಷಿ. ಅಲ್ಲಿ ದಶಕಗಳ ಕಾಲ ಹಾಲನ್ನೇ ನೋಡಿ ಹೋರಿ ಆರಿಸಿದರು. ಹಾಲು ಏರಿತು, ಜೊತೆಜೊತೆಗೆ ಗಬ್ಬ ನಿಲ್ಲುವುದು ಇಳಿಯುತ್ತ ಹೋಯಿತು, ಯಾಕೆಂದರೆ ಎರಡು ಗುಣಗಳೂ ವಂಶವಾಹಿಯಲ್ಲಿ ಒಂದಕ್ಕೊಂದು ಎದುರಾಗಿ ಎಳೆಯುತ್ತವೆ. 2003ರಲ್ಲಿ ಹೋರಿಯ ಹೆಣ್ಣುಮಕ್ಕಳು ಎಷ್ಟು ಬೇಗ ಗಬ್ಬವಾಗುತ್ತಾರೆ ಎಂಬ ಅಂಕವನ್ನು ಆಯ್ಕೆಯ ಸೂಚ್ಯಂಕಕ್ಕೆ ಸೇರಿಸಿದ ಮೇಲೆ ಇಳಿತ ನಿಂತು ಮತ್ತೆ ಏರತೊಡಗಿತು. ನಾರ್ವೆಯವರು ಇದನ್ನು 1970ರ ದಶಕದಲ್ಲೇ ಮಾಡಿದ್ದರು. ನಾರ್ವೇಜಿಯನ್ ರೆಡ್ ಹಸು ಗಬ್ಬಕ್ಕೂ ಆರೋಗ್ಯಕ್ಕೂ ಇವತ್ತು ಹೆಸರಾಗಿರುವುದು ಅದರಿಂದ. ಅಮೆರಿಕದ್ದೇ ಇನ್ನೊಂದು ಪ್ರಸಂಗ ಇದಕ್ಕಿಂತ ವಿಚಿತ್ರ. ಪಾನೀ ಫಾರ್ಮ್ ಆರ್ಲಿಂಡಾ ಚೀಫ್ ಎಂಬ ಹೋರಿ ಹುಟ್ಟಿದ್ದು 1962ರಲ್ಲಿ. ಅದಕ್ಕೆ ಸುಮಾರು 16 ಸಾವಿರ ಹೆಣ್ಣುಮಕ್ಕಳು. ಹಾಲು ಹೆಚ್ಚಿಸಿದ ಆ ಹೋರಿಯ ರಕ್ತದಲ್ಲಿ ಒಂದು ಕೆಟ್ಟ ವಂಶವಾಹಿಯೂ ಅಡಗಿತ್ತು. ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಅದೇ ಬಂದರೆ ಕರು ಗರ್ಭದಲ್ಲೇ ಸಾಯುತ್ತದೆ. ಜಗತ್ತಿನಾದ್ಯಂತ ಐದು ಲಕ್ಷದಷ್ಟು ಗರ್ಭಗಳು ಹೀಗೆ ಹೋದವು ಎಂದು ಅಂದಾಜು. ಪತ್ತೆಯಾದ ರೀತಿ ನೋಡಿ: ಸಾವಿರಾರು ಪ್ರಾಣಿಗಳ ವಂಶವಾಹಿ ದಾಖಲೆ ಹರಡಿಕೊಂಡು ಕೂತಾಗ, ಲೆಕ್ಕದ ಪ್ರಕಾರ ಇರಲೇಬೇಕಾದ ಒಂದು ಜೋಡಿ ಬದುಕಿರುವ ಯಾವ ಹಸುವಿನಲ್ಲೂ ಇರಲಿಲ್ಲ. ಹುಟ್ಟದೆ ಹೋದ ಕರುಗಳನ್ನು ಕಂಡುಹಿಡಿದದ್ದು ದಾಖಲೆ. ನಮ್ಮ ಮಿಶ್ರತಳಿಗಳಲ್ಲಿ ಇಂಥದ್ದು ನಡೆದರೆ ಬೀಜ ಸರಿಯಿಲ್ಲ, ಹಸು ಸರಿಯಿಲ್ಲ ಎಂಬ ಜಗಳದಲ್ಲೇ ಮುಗಿಯುತ್ತದೆ.

ಮಿಶ್ರತಳಿಯ ಗಣಿತವನ್ನೂ ಇಲ್ಲೇ ನೋಡಬೇಕು. ನಾಟಿ ಹಸುವಿಗೆ ಎಚ್.ಎಫ್. ಅಥವಾ ಜರ್ಸಿ ಬೀಜ ಕೊಟ್ಟರೆ ಹುಟ್ಟುವ ಮೊದಲ ತಲೆಮಾರಿನ ಕರು ಎರಡೂ ಕಡೆಯ ಸರಾಸರಿಗಿಂತ ಚೆನ್ನಾಗಿ ಬೆಳೆಯುತ್ತದೆ, ಬೇಗ ಗಬ್ಬವಾಗುತ್ತದೆ, ರೋಗಕ್ಕೂ ಸುಲಭಕ್ಕೆ ಜಗ್ಗುವುದಿಲ್ಲ. ಬೆರಕೆಯ ಈ ಹುರುಪು ಮೊದಲ ತಲೆಮಾರಿಗೆ ಪೂರ್ತಿ. ಆ ಬೆರಕೆಗಳನ್ನೇ ಒಂದಕ್ಕೊಂದು ಕೂಡಿಸಿದರೆ ಮುಂದಿನ ತಲೆಮಾರಿಗೆ ಅರ್ಧ ಸೋರಿಹೋಗುತ್ತದೆ. ಮತ್ತೆ ಎಚ್.ಎಫ್. ಬೀಜವನ್ನೇ ಕೊಡುತ್ತ ಹೋದರೆ ವಿದೇಶಿ ರಕ್ತ ಅರ್ಧದಿಂದ ಮುಕ್ಕಾಲು, ಮುಕ್ಕಾಲಿನಿಂದ ಎಂಟರಲ್ಲಿ ಏಳು ಪಾಲು ಹೀಗೆ ಏರುತ್ತದೆ. ಹಾಲಿನ ಜೊತೆ ಶೆಕೆ ತಡೆಯಲಾರದ ಗುಣ, ಉಣ್ಣೆಗೆ ಬಲಿಯಾಗುವ ಗುಣ ಎಲ್ಲವೂ. ಅದಕ್ಕೇ ಹಲವು ರಾಜ್ಯಗಳ ತಳಿ ನೀತಿಗಳು ವಿದೇಶಿ ರಕ್ತವನ್ನು ಅರ್ಧಕ್ಕೆ ಅಥವಾ ನೂರಕ್ಕೆ 62.5ಕ್ಕೆ ನಿಲ್ಲಿಸಿ ಎನ್ನುತ್ತವೆ. ಕಾಗದದ ಮೇಲೆ ಇದು ಸರಿಯಾದ ಮಾತು. ಆದರೆ ಕೋಲಾರದ ಒಂದು ಕೊಟ್ಟಿಗೆಯಲ್ಲಿ ನಿಂತ ಕಪ್ಪುಬಿಳಿ ಹಸುವಿನ ಮೈಯಲ್ಲಿ ಎಷ್ಟು ಪಾಲು ಯಾವ ರಕ್ತ ಎಂದು ಬೀಜ ಕೊಡಲು ಬಂದವರಿಗೆ ಹೇಗೆ ಗೊತ್ತಾಗಬೇಕು? ಅದರ ತಾಯಿಗೆ ಯಾವ ಹೋರಿಯ ಬೀಜ ಬಿದ್ದಿತ್ತೆಂದು ಬರೆದಿಲ್ಲ. ಜಾಡಿಯಲ್ಲಿ ಇದ್ದದ್ದನ್ನು ಕೊಡುತ್ತಾರೆ. ಅದೇ ಹೋರಿ ಅಪ್ಪನೂ ಆಗಿರಬಹುದು. ಅಪ್ಪನಿಗೆ ಮಗಳನ್ನು ಕೂಡಿಸಿದರೆ ಹುಟ್ಟುವ ಕರುವಿನ ಒಳಸಂಕರದ ಪ್ರಮಾಣ ನೂರಕ್ಕೆ 25, ಮತ್ತು ಒಳಸಂಕರ ಮೊದಲು ಹೊಡೆಯುವುದು ಗಬ್ಬ ನಿಲ್ಲುವ ಗುಣವನ್ನೇ. ಕುರಿ ಹಿಂಡಿನಲ್ಲಿ ಇದು ಇನ್ನೂ ಸಲೀಸಾಗಿ ಆಗುತ್ತದೆ: ಐದು ತಿಂಗಳ ಗರ್ಭ, ವರ್ಷ ತುಂಬುವುದರೊಳಗೆ ಪ್ರಾಯಕ್ಕೆ ಬರುವ ಮರಿ, ಹಿಂಡಿಗೊಂದೇ ಟಗರು. ಬನ್ನೂರು ಕುರಿಯಂಥ ಸಣ್ಣ ಸಂಖ್ಯೆಯ ತಳಿಗೆ ಎರಡು ವರ್ಷಕ್ಕೊಮ್ಮೆ ಟಗರು ಬದಲಿಸುವುದಕ್ಕಿಂತ ಅಗ್ಗದ ಔಷಧಿ ಇಲ್ಲ.

ನಾಟಿ ತಳಿಯ ಪರವಾಗಿ ಮಾತಾಡುವವರ ಆಕ್ಷೇಪವನ್ನು ಹಗುರವಾಗಿ ತಳ್ಳುವಂತಿಲ್ಲ. ಊರ ಹೋರಿಯನ್ನು ಮೂಲೆಗೆ ತಳ್ಳಿದ್ದು ಈ ಕೃತಕ ಗರ್ಭಧಾರಣೆಯೇ, ನಮ್ಮ ತಳಿಗಳು ಕರಗಿದ್ದು ಅದರಿಂದಲೇ, ಈಗ ಲೆಕ್ಕ ಬರೆಯಿರಿ ಎಂದರೆ ಆದ ಅನ್ಯಾಯ ಸರಿಹೋಗುತ್ತದೆಯೇ ಎಂಬುದು ಅವರ ಪ್ರಶ್ನೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದ 19 ಕೋಟಿ ಚಿಲ್ಲರೆ ದನಗಳಲ್ಲಿ ವಿದೇಶಿ ಮತ್ತು ಮಿಶ್ರತಳಿಯವು ಸುಮಾರು 5 ಕೋಟಿ, ನಾಟಿಯವು ಸುಮಾರು 14 ಕೋಟಿ. ಹಿಂದಿನ ಗಣತಿಗಿಂತ ನಾಟಿ ದನ ನೂರಕ್ಕೆ 6ರಷ್ಟು ಕುಗ್ಗಿತ್ತು. ಕುಗ್ಗಿದ್ದು ನಿಜ. ಆದರೆ ಹಳ್ಳಿಕಾರ್, ಅಮೃತ್ ಮಹಲ್, ಖಿಲಾರಿ ಇವೆಲ್ಲ ದುಡಿಮೆಗೆ ಕಟ್ಟಿದ ತಳಿಗಳು. ನೇಗಿಲು, ಗಾಡಿ, ಸೈನ್ಯದ ಸರಂಜಾಮು ಎಳೆಯುವುದಕ್ಕೆ ಆರಿಸಿ ಆರಿಸಿ ಮಾಡಿದವು. ಅವುಗಳ ಬುಡ ಕಡಿದದ್ದರಲ್ಲಿ ಟ್ರ್ಯಾಕ್ಟರಿನ ಪಾಲು ವೀರ್ಯದ ಜಾಡಿಗಿಂತ ದೊಡ್ಡದು. ಇನ್ನೊಂದು ಮಾತು. ಈ ತಳಿಗಳು ತಾವಾಗಿ ಮೊಳೆತವಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯಾಗಿದ್ದು ಟಿಪ್ಪುವಿನ ಕಾಲಕ್ಕೆ ಅಮೃತ್ ಮಹಲ್ ಎನಿಸಿದ ದನಗಳ ಹಿಂದೆ ಒಂದು ಇಲಾಖೆಯೇ ಇತ್ತು. ಮಳೆಗಾಲಕ್ಕೊಂದು ಬೇಸಿಗೆಗೊಂದು ಎಂದು ಕಾವಲುಗಳ ಹಂಚಿಕೆ ಇತ್ತು, ಬೀಜದ ಹೋರಿಯ ಆಯ್ಕೆ ಇತ್ತು. ಕೃಷ್ಣಾ ಕಣಿವೆ ತಳಿಯನ್ನು 19ನೇ ಶತಮಾನದ ಉತ್ತರಾರ್ಧದಲ್ಲಿ ಆ ಭಾಗದ ಸಂಸ್ಥಾನಿಕರು ಎರೆನೆಲದ ಉಳುಮೆಗಾಗಿ ಗೀರ್, ಓಂಗೋಲ್, ಕಾಂಕ್ರೇಜ್ ರಕ್ತವನ್ನು ಮೈಸೂರು ಸೀಮೆಯ ದನಕ್ಕೆ ಬೆರೆಸಿ ಮಾಡಿದರು. ನಾವು ಇಂದು ಶುದ್ಧ ಎನ್ನುವ ಇದು ಒಂದು ಕಾಲದ ಮಿಶ್ರತಳಿ. ಗೊತ್ತಿದ್ದು ಬೆರೆಸಿದರೆ ತಳಿಯಾಗುತ್ತದೆ, ಗೊತ್ತಿಲ್ಲದೆ ಬೆರೆಸಿದರೆ ಬರೀ ಕಲಬೆರಕೆ.

ಗೊತ್ತಿದ್ದು ಮಾಡುವುದರ ಫಲವನ್ನು ನಮ್ಮದೇ ದನ ಪರದೇಶದಲ್ಲಿ ತೋರಿಸಿದೆ. ಗುಜರಾತಿನ ಗೀರ್ ಬ್ರೆಜಿಲ್ಲಿಗೆ ಹೋಯಿತು. ಭಾವನಗರದ ಮಹಾರಾಜರ ಕಡೆಯಿಂದ 1960ರ ಆಸುಪಾಸಿನಲ್ಲಿ ಹೋದ ಹೋರಿಗಳಿಗೆ ಅಲ್ಲಿ ಇವತ್ತಿಗೂ ದೊಡ್ಡ ಗೌರವ. ಅಲ್ಲಿಯವರು ಗೀರನ್ನು ಪೂಜಿಸಲಿಲ್ಲ, ಅಳೆದರು. 1985ರಲ್ಲಿ ಸಂತತಿ ಪರೀಕ್ಷೆ ತೊಡಗಿದರು: ಒಂದು ಹೋರಿಯ ಬೀಜವನ್ನು ಹಲವು ಹಿಂಡುಗಳಿಗೆ ಹಂಚಿ, ಹುಟ್ಟಿದ ಹೆಣ್ಣುಕರುಗಳು ಈದು ಎಷ್ಟು ಕರೆಯುತ್ತವೆ ಎಂದು ಅಳೆದು, ಆ ಅಂಕದ ಮೇಲೆ ಹೋರಿಯನ್ನು ಉಳಿಸುವುದೋ ಬಿಡುವುದೋ ತೀರ್ಮಾನಿಸಿದರು. ಈಗ ಅಲ್ಲಿಯ ಹಾಲಿನ ಗೀರಿನ ವೀರ್ಯವನ್ನು ನಾವು ತರಿಸಿಕೊಳ್ಳುವ ಮಾತಾಡುತ್ತೇವೆ. ನಾಟಿ ಹಸು ಹಾಲು ಕೊಡುವುದಿಲ್ಲ ಎಂಬ ತಾತ್ಸಾರಕ್ಕೂ, ನಾಟಿ ಹಸುವಿಗೆ ಸುಧಾರಣೆಯೇ ಬೇಡ ಎಂಬ ಭಕ್ತಿಗೂ ಈ ಒಂದು ಉದಾಹರಣೆ ಉತ್ತರ. ದೂರ ಯಾಕೆ, ಪಕ್ಕದ ಕೇರಳದಲ್ಲಿ 1963ರಲ್ಲಿ ಮಾಟ್ಟುಪೆಟ್ಟಿಯಲ್ಲಿ ಶುರುವಾದ ಇಂಡೋ-ಸ್ವಿಸ್ ಯೋಜನೆ ಬ್ರೌನ್ ಸ್ವಿಸ್ ರಕ್ತವನ್ನು ಊರ ದನಕ್ಕೆ ಸೇರಿಸಿ ಸುನಂದಿನಿ ಎಂಬ ತಳಿಯನ್ನು ಕಟ್ಟಿತು. ಕೊನೆಗೂ ಅದನ್ನು ನೆಲೆ ನಿಲ್ಲಿಸಿದ್ದು ಸಣ್ಣ ರೈತರ ಮನೆಗಳಿಗೆ ಹೋಗಿ ಹಾಲು ಅಳೆದ ಕೆಲಸ.

ಎದುರು ದಿಕ್ಕಿನಿಂದ ಬರುವುದು ತಂತ್ರಜ್ಞಾನದ ಭರವಸೆ. ಹೆಣ್ಣುಕರುವನ್ನೇ ಹುಟ್ಟಿಸುವ ವೀರ್ಯ ಬಂದಿದೆ, ಪ್ರನಾಳ ಭ್ರೂಣ ಬಂದಿದೆ, ವಂಶವಾಹಿ ನೋಡಿಯೇ ಹೋರಿ ಆರಿಸುವ ಚಿಪ್ ಬಂದಿದೆ, ಇನ್ನು ಪುಸ್ತಕ ಹಿಡಿದು ಕೂರುವುದೇಕೆ? ಹೆಣ್ಣು ಕರು ಹುಟ್ಟಿಸುವ ವೀರ್ಯಾಣುವಿನಲ್ಲಿ ಡಿಎನ್‌ಎ ಸುಮಾರು ನೂರಕ್ಕೆ 4ರಷ್ಟು ಹೆಚ್ಚು. ಆ ವ್ಯತ್ಯಾಸವನ್ನು ಬೆಳಕಿನಲ್ಲಿ ಗುರುತಿಸಿ ಬೇರೆ ಮಾಡಿದರೆ ಹತ್ತರಲ್ಲಿ ಒಂಬತ್ತು ಹೆಣ್ಣು. ಗಂಡು ಕರುವನ್ನು ಕೊಳ್ಳುವವರಿಲ್ಲದ, 2021ರಿಂದ ಗೋಹತ್ಯೆ ತಡೆ ಕಾನೂನು ಬಿಗಿಯಾದ ಮೇಲಂತೂ ಕಟ್ಟಿ ಸಾಕುವುದೇ ಹೊರೆಯಾದ ಕರ್ನಾಟಕದ ರೈತನಿಗೆ ಇದರ ಆಕರ್ಷಣೆ ಸಹಜ. 2024ರ ಅಕ್ಟೋಬರಿನಲ್ಲಿ ದೇಶೀಯ ತಂತ್ರಜ್ಞಾನವೂ ಬಂದು ಬೆಲೆ ಇಳಿಯುವ ದಾರಿ ತೆರೆದಿದೆ. ಆದರೆ ಸಾಮಾನ್ಯ ವೀರ್ಯದ ಕಡ್ಡಿಯೊಂದರಲ್ಲಿ ಸುಮಾರು 2 ಕೋಟಿ ವೀರ್ಯಾಣುಗಳಿದ್ದರೆ ಬೇರ್ಪಡಿಸಿದ ಕಡ್ಡಿಯಲ್ಲಿ ಅದರ ಸಣ್ಣ ಪಾಲು ಮಾತ್ರ, ಅವೂ ಯಂತ್ರದಲ್ಲಿ ಹಾದು ದಣಿದವು. ಹೊತ್ತು ತಪ್ಪಿದರೆ ಸಾಮಾನ್ಯ ಬೀಜ ಕ್ಷಮಿಸುವಷ್ಟು ಇದು ಕ್ಷಮಿಸುವುದಿಲ್ಲ. ಚುಚ್ಚುಮದ್ದಿನ ಮೇಲೆ ಚುಚ್ಚುಮದ್ದು ಕೊಟ್ಟು ಬೆದೆಯನ್ನು ನಮಗೆ ಬೇಕಾದ ದಿನಕ್ಕೆ ಕೂಡಿಸಬಹುದು, ಹತ್ತು ದಿನದ ಆ ಕಟ್ಟುಪಾಡು 1995ರಿಂದ ಜಗತ್ತಿಗೆ ಗೊತ್ತು. ಅದಕ್ಕೂ ಹಸು ಸುತ್ತಿನಲ್ಲಿರಬೇಕು, ಮೈಯಲ್ಲಿ ಮಾಂಸವಿರಬೇಕು, ಮದ್ದಿನ ದಿನಗಳನ್ನು ತಪ್ಪದೆ ಪಾಲಿಸಬೇಕು. ಚಿಪ್‌ನದ್ದಂತೂ ಪೂರ್ತಿ ದಾಖಲೆಯ ಆಟ. ಯಾವ ವಂಶವಾಹಿಗೆ ಎಷ್ಟು ಬೆಲೆ ಎಂದು ಯಂತ್ರ ಕಲಿಯುವುದು, ಹಾಲು ಅಳೆದು ಗಬ್ಬದ ದಿನ ಬರೆದಿಟ್ಟ ಸಾವಿರಾರು ಹಸುಗಳಿಂದ. ಆ ಹಸುಗಳು ನಮ್ಮ ಹವೆಯ, ನಮ್ಮ ಮೇವಿನ ಹಸುಗಳಾಗಿರಬೇಕು. ಹೊಸ ತಂತ್ರ ಬಂದಷ್ಟೂ ಪುಸ್ತಕದ ಅಗತ್ಯ ಹೆಚ್ಚುತ್ತದೆ.

ಹಸುವನ್ನು ವರ್ಷಕ್ಕೊಂದು ಕರು ಹಾಕುವ ಯಂತ್ರ ಮಾಡುತ್ತಿದ್ದೀರಿ ಎಂಬ ಆಕ್ಷೇಪವೂ ಇದೆ, ಅದರಲ್ಲಿ ಹುರುಳೂ ಇದೆ. ಹೆಚ್ಚು ಹಾಲು ಕರೆಯುವ ಹಸುವಿಗೆ 60ನೇ ದಿನಕ್ಕೇ ಬೀಜ ಕೊಡಿಸದೆ ಮೂರ್ನಾಲ್ಕು ತಿಂಗಳು ಬಿಡುವುದು ಹಸುವಿಗೂ ಒಳ್ಳೆಯದು, ಲೆಕ್ಕದಲ್ಲೂ ನಷ್ಟವಿಲ್ಲ ಎಂದು ವಾದಿಸುವ ತಜ್ಞರಿದ್ದಾರೆ. ನಾನು ಅದನ್ನು ಒಪ್ಪುತ್ತೇನೆ. ಆದರೆ ಬೇಕೆಂದು ಬಿಟ್ಟ ಅಂತರ ಬೇರೆ, ಗೊತ್ತಾಗದೆ ಬಿದ್ದ ಅಂತರ ಬೇರೆ. ನಮ್ಮ ಕೊಟ್ಟಿಗೆಗಳಲ್ಲಿ ಹಿಗ್ಗಿದ ಅಂತರದ ಹಿಂದೆ ಹೆಚ್ಚಾಗಿ ಇರುವುದು ಹಸಿವು, ಗರ್ಭಕೋಶದ ಸೋಂಕು, ಕಾಣದೆ ಹೋದ ಬೆದೆ. ಅದನ್ನು ವಿಶ್ರಾಂತಿ ಎನ್ನಲಾಗದು.

ಕೊನೆಯ ಆಕ್ಷೇಪವೇ ಗಟ್ಟಿ: ಎರಡು ಹಸುವಿನ ರೈತ ದಾಖಲೆ ಇಡಲಾರ, ಇದು ದೊಡ್ಡ ಫಾರ್ಮುಗಳ ಮಾತು. ಹಸುವೊಂದಕ್ಕೆ ವರ್ಷದಲ್ಲಿ ಬರೆಯಬೇಕಾದದ್ದು ಈದ ದಿನ, ಬೆದೆಯ ದಿನಗಳು, ಬೀಜ ಕೊಟ್ಟ ದಿನ ಮತ್ತು ಹೋರಿಯ ನಂಬರು, ಎರಡು ಮೂರು ತಿಂಗಳಿಗೆ ಗಬ್ಬ ನೋಡಿದ ದಿನ. ಗೋಡೆಯ ಕ್ಯಾಲೆಂಡರು ಸಾಕು. ಮದುವೆ ಮುಂಜಿ, ಚೀಟಿಯ ಕಂತು ಬರೆದಿಡುವ ಮನೆಗೆ ಇದು ಭಾರವಲ್ಲ. ಹನ್ನೆರಡು ಅಂಕಿಯ ಕಿವಿಯೋಲೆ ದನಗಳಿಗೆ ಈಗಾಗಲೇ ಬಿದ್ದಿದೆ, ಅದರ ಹಿಂದೆ ಭಾರತ್ ಪಶುಧನ್ ಎಂಬ ಗಣಕ ವ್ಯವಸ್ಥೆಯೂ ಇದೆ. ಕಷ್ಟವಿರುವುದು ಹಾಲಿನ ಅಳತೆಯಲ್ಲಿ. ನಮ್ಮ ಸಹಕಾರ ಸಂಘಗಳು ದಿನಕ್ಕೆರಡು ಸಲ ಹಾಲು ಅಳೆಯುತ್ತವೆ, ಜಿಡ್ಡು ನೋಡುತ್ತವೆ, ಪುಸ್ತಕಕ್ಕೆ ಹಾಕುತ್ತವೆ. ಆದರೆ ಅಳೆಯುವುದು ಮನೆಯ ಕ್ಯಾನನ್ನು. ಆ ಕ್ಯಾನಿನಲ್ಲಿ ಯಾವ ಹಸುವಿನದೆಷ್ಟು ಎಂದು ಅದು ಹೇಳದು. ಹಸುವಾರು ಅಳತೆಯಿಂದ ಆ ರೈತನಿಗೆ ಇವತ್ತೇ ಏನೂ ಸಿಗುವುದಿಲ್ಲ. ಬೀಜ ಕೊಟ್ಟ ದಿನದಿಂದ ಎಣಿಸಿದರೆ ಕರು ಹುಟ್ಟಿ, ಬೆಳೆದು, ಈದು, ಒಂದು ಸೂಲು ಕರೆಯುವ ಹೊತ್ತಿಗೆ ಐದು ವರ್ಷ. ಫಲ ಉಣ್ಣುವುದು ಇಡೀ ರಾಜ್ಯ. ಹಾಗಾಗಿ ಖರ್ಚನ್ನು ರೈತನ ತಲೆಗೆ ಕಟ್ಟುವುದು ನ್ಯಾಯವಲ್ಲ. ದಿನದ 1 ಕೋಟಿ ಲೀಟರಿನಲ್ಲಿ ಲೀಟರಿಗೆ ಒಂದು ಪೈಸೆ ತೆಗೆದಿಟ್ಟರೆ ದಿನಕ್ಕೆ 1 ಲಕ್ಷ ರೂಪಾಯಿ, ವರ್ಷಕ್ಕೆ 3 ಕೋಟಿ 65 ಲಕ್ಷ. ಸರ್ಕಾರ ಹಾಲಿಗೆ ಕೊಡುವ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ, ಅಂದರೆ ಇದರ ಐನೂರು ಪಟ್ಟು. ತಿಂಗಳಿಗೆ 20 ಸಾವಿರ ಸಂಬಳದ ಮೇಲೆ ಈ ಹಣದಲ್ಲಿ ನೂರೈವತ್ತು ಮಂದಿಯನ್ನು ನೇಮಿಸಬಹುದು. ಒಂದು ಹಸುವಿಗೆ ತಿಂಗಳಿಗೊಮ್ಮೆ ಅಳೆದರೆ ಇಡೀ ಸೂಲಿನ ಅಂದಾಜು ಸಿಗುತ್ತದೆ. ಒಬ್ಬರು ದಿನಕ್ಕೆ ಐದು ಹಸುವಿನಂತೆ ತಿಂಗಳಲ್ಲಿ 25 ದಿನ ಅಳೆದರೂ ಒಟ್ಟು 18 ಸಾವಿರಕ್ಕೂ ಮಿಕ್ಕಿದ ಹಸುಗಳು. ಹೋರಿಯೊಂದಕ್ಕೆ ನೂರು ಹೆಣ್ಣುಮಕ್ಕಳೆಂದು ಹಿಡಿದರೆ ಏಕಕಾಲಕ್ಕೆ ನೂರೆಂಬತ್ತು ಹೋರಿಗಳ ಪರೀಕ್ಷೆಗೆ ಇಷ್ಟು ಸಾಕು. ಅದರಲ್ಲಿ ಎಷ್ಟು ಎಚ್.ಎಫ್., ಎಷ್ಟು ಜರ್ಸಿ, ಎಷ್ಟು ದೇವಣಿ ಎಂದು ಜಗಳ ಆಗಲಿ, ಆಗ ಜಗಳಕ್ಕೆ ಅಂಕಿ ಇರುತ್ತದೆ. ನೂರೈವತ್ತು ಮಂದಿಯಲ್ಲಿ ಬಹುಪಾಲು ಅದೇ ಊರುಗಳ ಹೆಂಗಸರೇ ಆಗಿರಬೇಕೆಂಬ ಷರತ್ತನ್ನು ಮೊದಲ ಆದೇಶದಲ್ಲೇ ಬರೆಯುವುದು ಒಳ್ಳೆಯದು.